ಸವೆದ ಹೊಸ್ತಿಲು, ಅಳೆಯಲು ಬಂದ ಟೇಪು

ಸವೆದಷ್ಟೂ ಬೆಲೆ ಏರುವುದು ಯಾವುದು, ಹೇಳಿ ನೋಡೋಣ? ಚಪ್ಪಲಿ ಅಂದಿರಾ? ಸೋತಿರಿ, ಕೇಳಿ.

ಚನ್ನವೀರಪ್ಪನವರ ಜವಳಿ ಅಂಗಡಿ ಮುಚ್ಚಿ ಬಹಳ ವರ್ಷವಾಗಿತ್ತು. ಆ ಹಳೇ ಕಟ್ಟಡವನ್ನು ಕೆಡವಬೇಕೋ, ಪಾರಂಪರಿಕವೆಂದು ಉಳಿಸಬೇಕೋ ಎಂದು ನೋಡಲು ಇಂಜಿನಿಯರು ಬಂದರು. ಅವರ ಟೇಪು ಹೊಸ್ತಿಲ ಮೇಲೆ ಉದ್ದಕ್ಕೆ ಮಲಗಿ ನಕ್ಕಿತು.

"ಅಜ್ಜಿ, ನಿಮ್ಮ ನಡು ತಗ್ಗಾಗಿದೆ. ಇದು ದೋಷ."

"ದೋಷವಲ್ಲ ಮಗಾ" ಎಂದಿತು ಹೊಸ್ತಿಲು. " ಯಜಮಾನರು ದಿನಾ ಬೆಳಿಗ್ಗೆ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಒಳಗೆ ಬರುತ್ತಿದ್ದರು. ಅದು ಅವರ ಬೆರಳಿನ ಗುರುತು. ಇನ್ನೊಂದು ಸಲ ಯಾರಾದರೂ ಹಾಗೆ ಮುಟ್ಟಲಿ, ಆಮೇಲೆ ಬೇಕಾದರೆ ಕೆಡವಲಿ."

"ಅದನ್ನೆಲ್ಲ ಅಳೆಯಲು ನನ್ನಲ್ಲಿ ಗೆರೆಯಿಲ್ಲ" ಎಂದಿತು ಟೇಪು.

ಅಷ್ಟರಲ್ಲಿ ಇಂಜಿನಿಯರು ಒಳಗೆ ಹೊರಟರು. ಅವರೂ ಅಂಗಡಿ ನಡೆಸುವ ಮನೆತನದಿಂದ ಬಂದವರೇ. ಅಭ್ಯಾಸಬಲದಿಂದ ಬಗ್ಗಿ ಹೊಸ್ತಿಲು ಮುಟ್ಟಿದರು. ಬೆರಳು ಸರಿಯಾಗಿ ಆ ತಗ್ಗಿನಲ್ಲೇ ಕೂತಿತು. ಟೇಪು ನಾಚಿ ಡಬ್ಬಿ ಸೇರಿತು, ಕಟ್ಟಡ ಉಳಿಯಿತು.

ಈ ಕೊನೆ ನಾನೇ ಕಟ್ಟಿದ್ದು ಕಣ್ರೀ. ನಿಜಕ್ಕೂ ಆ ಕಟ್ಟಡ ಕೆಡವಿಬಿಟ್ಟರು. ಈಗ ಅಲ್ಲಿರೋದು ತಾನಾಗಿ ತೆರೆಯೋ ಗಾಜಿನ ಬಾಗಿಲು. ಹೋದಾಗೆಲ್ಲ ನಾನು ಬಗ್ಗಿ ನೆಲ ಮುಟ್ಟುತ್ತೇನೆ. "ಏನು ಬೀಳಿಸಿಕೊಂಡ್ರಿ?" ಅಂತಾನೆ ಕಾವಲಿನವನು.