ಬಡಗಿ ಬಡಿದ ಗೂಟ

“ಗುರುವೇ, ಪಾಳೆಗಾರ ಆಳುಗಳನ್ನು ಕಂಬಕ್ಕೆ ಕಟ್ಟಿಸಿ ಹೊಡೆಸುತ್ತಾನೆ. ಕಟ್ಟುವ ಕೆಲಸ ನನ್ನದು. ನಾನು ಗಂಟನ್ನು ಸಡಿಲವಾಗಿ ಹಾಕುತ್ತೇನೆ. ಅದು ಪುಣ್ಯವಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುವಿನ ಮುಖ ಕೆಂಪಾಯಿತು. “ಕುಳಿತುಕೋ. ನನ್ನ ಗುರುವಿನ ಗುರು ಹಡಗು ಹತ್ತಿ ಹೋಗಿ ಕಣ್ಣಾರೆ ಕಂಡದ್ದು ಇದು. ಒಂದು ಮಾತು ಸುಳ್ಳಾದರೆ ನನ್ನ ಗಡ್ಡ ಬೋಳಿಸು” ಎಂದು ಹೇಳತೊಡಗಿದ.

ಪಡುವಣ ಸಮುದ್ರದಾಚೆ ಒಂದು ಪಟ್ಟಣ. ಅದರ ಹೆಬ್ಬಾಗಿಲ ಹೊರಗೆ, ಜನ ಓಡಾಡುವ ದಾರಿಯ ಮಗ್ಗುಲಲ್ಲೇ ಕಂಬಗಳನ್ನು ನೆಟ್ಟಿದ್ದರು. ಅರಸನಿಗೆ ಎದುರಾಡಿದವನನ್ನು ಚಾವಟಿಯಲ್ಲಿ ಸುಲಿದು, ಅಡ್ಡತೊಲೆಯನ್ನು ಅವನ ಹೆಗಲಿಗೇ ಹೊರಿಸಿ ಅಲ್ಲಿಗೆ ನಡೆಸುವರು. ನೆಲಕ್ಕೆ ಕೆಡವಿ, ತೊಲೆಯ ಮೇಲೆ ತೋಳು ಚಾಚಿಸಿ ಮೊಳೆ ಹೊಡೆಯುವರು. ಅಂಗೈಗಲ್ಲ, ಅಂಗೈ ಹರಿದುಹೋಗುತ್ತದೆ; ಮಣಿಕಟ್ಟಿಗೆ. ಆಮೇಲೆ ತೊಲೆ ಎತ್ತಿ ಕಂಬಕ್ಕೆ ಕೂರಿಸಿ, ಕಾಲಿಗೂ ಮೊಳೆ. ಜೋತುಬಿದ್ದ ಮೈಗೆ ಉಸಿರಾಡಲಾಗದು. ಆ ಮೊಳೆ ಹೊಡೆದ ಕಾಲನ್ನೇ ಊರಿ ಮೈ ಎತ್ತಿದರೆ ಒಂದು ಉಸಿರು. ಮತ್ತೆ ಜೋಲುವುದು. ಎಂಥ ಜಟ್ಟಿಯೂ ಸಂಜೆಯೊಳಗೆ ಸಾಯುತ್ತಿದ್ದ.

ಆ ಕಂಬ, ತೊಲೆ ಕೆತ್ತುತ್ತಿದ್ದವನು ಒಬ್ಬ ಬಡಗಿ. ‘ಮೊಳೆ ಹೊಡೆಯುವವನು ನಾನಲ್ಲ’ ಎಂದು ಕೇಳದವರಿಗೂ ಹೇಳುತ್ತಿದ್ದ. ಒಂದು ದಿನ ಅವನ ನೆರೆಮನೆಯ ಕುಂಬಾರನಿಗೇ ಆ ಶಿಕ್ಷೆಯಾಯಿತು. ಓಡಿಬಂದ ಗುಲಾಮನೊಬ್ಬನನ್ನು ಮಡಕೆ ಸುಡುವ ಆವಿಗೆ ಆರಿದ್ದಾಗ ಅದರೊಳಗೆ ಬಚ್ಚಿಟ್ಟಿದ್ದನಂತೆ. ಕುಂಬಾರ ಕುಂಡೆ ಊರಿ ದಣಿವಾರಿಸಿಕೊಳ್ಳಲಿ ಎಂದು ಬಡಗಿ ಅವನಿಗಾಗಿ ಕೆತ್ತಿದ ಕಂಬದ ನಡುವಿಗೆ ಒಂದು ಗೂಟ ಬಡಿದ.

ಕುಂಬಾರ ಊರಿದ. ಉಸಿರು ಸಿಕ್ಕಿತು. ಸಂಜೆ ಸಾಯಬೇಕಾದವನು ಸಾಯಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಕಾಗೆಗಳು ಹೆಗಲ ಮೇಲೆ ಕೂತಿದ್ದವು. ಅವನಿನ್ನೂ ನೀರು ಕೇಳುತ್ತಿದ್ದ.

ಕುಂಬಾರನ ಹೆಂಡತಿ ಬಡಗಿಯ ಬಾಗಿಲಿಗೆ ಬಂದಳು.

‘ಅಣ್ಣಾ, ಆ ಗೂಟ ನಿನ್ನದಾ?’

‘ಹೌದು ತಂಗಿ. ನನ್ನ ಕೈಲಾದದ್ದು ಅಷ್ಟೇ.’

‘ಹಾಗಾದರೆ ಕೊಡತಿ ಹಿಡಿದು ಬಾರಯ್ಯ, ಪುಣ್ಯಾತ್ಮ! ಆ ಗೂಟ ಕೀಳು. ಅವನ ಕಾಲನ್ನೂ ಮುರಿ, ಉಸಿರು ಬೇಗ ನಿಲ್ಲಲಿ. ಅದೂ ನಿನ್ನ ಕೈಲೇ ಆಗಲಿ!’

ಬಡಗಿ ಕೊಡತಿ ಹಿಡಿದು ಓಡಿದ. ಕಾವಲಿನ ದಳವಾಯಿ ಅದನ್ನು ಕಿತ್ತುಕೊಂಡು, ನಗುತ್ತ ಅವನ ಬೆನ್ನು ಚಪ್ಪರಿಸಿದ. ‘ಭಲೇ ಬಡಗಿ! ಒಂದು ದಿನದ ಸಾವನ್ನು ಮೂರು ದಿನಕ್ಕೆ ಎಳೆದೆ. ಊರೇ ನಡುಗುತ್ತಿದೆ. ಇನ್ನು ಮೇಲೆ ಕಂಬಕ್ಕೊಂದು ಗೂಟ ಮಾಡು.’

ಇಷ್ಟು ಹೇಳಿ ಗುರು ಎದ್ದ. ಶಿಷ್ಯ ತಡೆಯಲಾರದೆ ಕೇಳಿದ: “ಬಡಗಿ ಮಾಡಿದನೇ?”

“ನಾಳೆ ನೀನು ಹಗ್ಗ ಮುಟ್ಟಿದರೆ, ಮಾಡಿದ.”