ಜೋಡಿದಾರರ ಹೆಸರು

ಬನ್ರೋ, ಜಗಲಿ ಮೇಲೆ ಕೂತ್ಕೊಂಡು ಕೇಳಿ. ಊರಿನ ಗದ್ದೆಯೆಲ್ಲ ಜೋಡಿದಾರರದು. ಅವರ ಹೆಸರು ಒಕ್ಕಲಿನವರ ಬಾಯಲ್ಲಿ ಬಂದರೆ ಚಾವಟಿ ಏಟು. ಅಂಥವರು ಮಹಾರಾಜರ ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ಚುನಾವಣೆಗೆ ನಿಂತರು. ಆಗ ಅಧಿಕಾರಿಯ ಮುಂದೆ ಹೆಸರು ಬಾಯಿಬಿಟ್ಟು ಹೇಳಿದರೇನೇ ಓಟು.

"ನನಗೆ ಹಾಕದವನ ಗದ್ದೆ ಬಿಡಿಸ್ತೀನಿ" ಅಂತ ಗದರಿ, ಜೋಡಿದಾರರು ಓಟಿನ ದಿನ ಅಧಿಕಾರಿಯ ಪಕ್ಕದಲ್ಲೇ ಕುರ್ಚಿ ಹಾಕಿಸಿ ಕೂತರು.

ಮೊದಲು ಬಂದವನು ಒಕ್ಕಲು ಜವರ.

"ಯಾರಿಗಪ್ಪಾ?" ಅಂದರು ಅಧಿಕಾರಿ.

"ನಮ್ಮ ಬುದ್ಧಿಯೋರ ಹೆಸರು ನಾನು ಹೇಳೋ ಹಾಗಿಲ್ಲ ಸ್ವಾಮಿ. ಎದುರಾಳಿ ಪುಟ್ಟನಂಜಯ್ಯನ ಹೆಸರಿಗೆ ಏಟಿಲ್ಲ, ಅದನ್ನೇ ಬರ್ಕೊಳ್ಳಿ."

"ಲೋ! ನನ್ನ ಹೆಸರು ಹೇಳೋ!"

"ಹೋದ ಸಲ ಹೇಳಿದ್ದಕ್ಕೆ ಬಿದ್ದ ಬರೆ ಬೆನ್ನ ಮೇಲೆ ಇನ್ನೂ ಮಾಯ್ದಿಲ್ಲ, ಬುದ್ಧೀ!"

ಹಿಂದಿದ್ದವರೆಲ್ಲ ಹಾಗೇ ಅಂದರು.

ಪುಟ್ಟನಂಜಯ್ಯ ಗೆದ್ದ. ಊರೆಲ್ಲರ ಗದ್ದೆ ಬಿಡಿಸಿದರೆ ಉಳೋರು ಯಾರು? ಜೋಡಿದಾರರು ಆ ಮಾತು ಬಿಟ್ಟು, ಇನ್ಮೇಲೆ ಎಲ್ಲರೂ ಹೆಸರು ಹಿಡಿದೇ ಕರೀಬೇಕು ಅಂತ ತಮಟೆ ಹೊಡೆಸಿದರು. ಜವರ ಆ ಹೆಸರನ್ನು ತನ್ನ ಕೋಣಕ್ಕಿಟ್ಟು, ದಿನಾ ಗದರಿ ಗದರಿ ಉತ್ತ.