ಇಪ್ಪತ್ತನಾಲ್ಕನೆಯ ಫೇಡರ್

"ಗುರುಗಳೇ, ಮೂರು ವರ್ಷ ಕಷ್ಟಪಟ್ಟು ಕೈಗೆ ತಂದುಕೊಂಡ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ ಸುಮ್ಮನೆ ಕೂರುವುದಾದರೆ, ನಾನು ಅಲ್ಲಿ ಯಾತಕ್ಕಿರಬೇಕು?"

ಕೇಳಿದವನು ಧ್ವನಿ ಬೆರೆಸುವ ವಿದ್ಯೆ ಕಲಿಯುತ್ತಿದ್ದ ಶಿಷ್ಯ. ಒಂದು ರೇಡಿಯೋ ಕೇಂದ್ರದಿಂದ ಅವನಿಗೆ ಕೆಲಸದ ಕರೆ ಬಂದಿತ್ತು. ಅಲ್ಲಿ ಎಲ್ಲವನ್ನೂ ಪಕ್ಕದ ಕೋಣೆಯ ಕಂಪ್ಯೂಟರೇ ನಡೆಸುತ್ತದೆ ಎಂದು ತಿಳಿದ ಮೇಲೆ ಅವನ ಮುಖ ಬಾಡಿತ್ತು. ಕರೆಯ ಕಾಗದವನ್ನು ಹರಿದು ಹಾಕುವುದೊಂದು ಬಾಕಿ ಉಳಿದಿತ್ತು.

ಗುರುಗಳು ಕನ್ನಡಕ ತೆಗೆದು ಒರೆಸಿದರು. "ಕಾಗದ ಹರಿಯುವುದಕ್ಕೆ ಒಂದು ನಿಮಿಷ ಸಾಕು. ಕತೆಗೆ ಹತ್ತು ನಿಮಿಷ ಬೇಕು. ಮೊದಲು ಕತೆ ಕೇಳು," ಎಂದರು. ಆಮೇಲೆ ಹೇಳತೊಡಗಿದರು.

ಕಡಲ ತೀರದ ಒಂದು ಊರಿನಲ್ಲಿ ರೇಡಿಯೋ ಕೇಂದ್ರವಿತ್ತು. ಅಲ್ಲಿ ಒಬ್ಬ ಧ್ವನಿ ತಂತ್ರಜ್ಞನಿದ್ದ. ಅವನ ಮುಂದೆ ಇಪ್ಪತ್ತನಾಲ್ಕು ಫೇಡರುಗಳ, ಎಂದರೆ ಮೇಲೆ ಕೆಳಗೆ ಜಾರಿಸುವ ಹಿಡಿಗಳ, ಕನ್ಸೋಲ್ ಎಂಬ ಮೇಜು. ಒಂದು ಫೇಡರನ್ನು ಮೇಲಕ್ಕೆ ದೂಡಿದರೆ ಅದರ ಮೈಕಿನ ದನಿ ಊರಿಗೆ ಕೇಳುತ್ತದೆ, ಕೆಳಕ್ಕೆ ಎಳೆದರೆ ನಿಲ್ಲುತ್ತದೆ. ಅಷ್ಟೇ ಕೆಲಸ. ಆದರೆ ವಾರ್ತೆ, ಹಾಡು, ಜಾಹೀರಾತು, ಹೊರಗಿನ ವರದಿ ಎಲ್ಲವೂ ಒಂದರ ಬೆನ್ನಿಗೆ ಒಂದು ಬರುವಾಗ ಆ ಅಷ್ಟೇ ಕೆಲಸಕ್ಕೆ ಹತ್ತು ಬೆರಳೂ ಸಾಲದು. ಅವನು ಇಪ್ಪತ್ತು ವರ್ಷ ಅದನ್ನು ಮಾಡಿದ್ದ. ತನ್ನಂಥವನು ಇನ್ನೊಬ್ಬನಿಲ್ಲ ಎಂದುಕೊಂಡಿದ್ದ. ನಿನ್ನ ಹಾಗೆಯೇ.

ಒಂದು ದಿನ ಕೇಂದ್ರಕ್ಕೆ ಹೊಸ ವ್ಯವಸ್ಥೆ ಬಂತು. ಕಾರ್ಯಕ್ರಮದ ಪಟ್ಟಿಯನ್ನು ಕಂಪ್ಯೂಟರಿಗೆ ಕೊಟ್ಟರೆ ಸಾಕು. ಅದು ಪಕ್ಕದ ಕೋಣೆಯಿಂದಲೇ ಕನ್ಸೋಲಿಗೆ ಆಜ್ಞೆ ಕಳಿಸುತ್ತಿತ್ತು. ಫೇಡರುಗಳು ತಾವಾಗಿಯೇ ಏರುತ್ತಿದ್ದವು, ಇಳಿಯುತ್ತಿದ್ದವು. ಯಾರೂ ಮುಟ್ಟದ ಫೇಡರು ತನ್ನ ಕಣ್ಣೆದುರೇ ಜರುಗುವುದನ್ನು ಕಂಡು ಅವನ ಮೈ ಉರಿಯಿತು.

ಮೊದಲ ವಾರ ಅವನು ಯಂತ್ರದೊಡನೆ ಹಟಕ್ಕೆ ಬಿದ್ದ. ಅದು ಏರಿಸಿದ್ದನ್ನು ಇಳಿಸಿ, ಮತ್ತೆ ತಾನೇ ಏರಿಸುತ್ತಿದ್ದ. ಒಂದು ಬೆಳಿಗ್ಗೆ ಹೀಗೆ ಇಳಿಸಿ ಏರಿಸುವಾಗ ವಾರ್ತೆಯ ಮೊದಲ ಸಾಲಿನ ಅರ್ಧ ನುಂಗಿಹೋಯಿತು. ಊರಿಗೆ ಕೇಳಿಸಿದ್ದು "ಇಂದು ಮುಂಜಾನೆ ನಿಧನರಾದರು" ಎಂಬುದಷ್ಟೇ. ಯಾರೆಂದು ಕೇಳಿಸಲಿಲ್ಲ. ಯಾರೋ ದೊಡ್ಡವರೇ ಇರಬೇಕೆಂದು ಪೇಟೆಯಲ್ಲಿ ಅರ್ಧ ಅಂಗಡಿಗಳು ಬಾಗಿಲು ಹಾಕಿದವು. ಕೇಂದ್ರದ ಫೋನು ಮಧ್ಯಾಹ್ನದವರೆಗೂ ಬಡಿದುಕೊಂಡಿತು.

ಅವನಿಗೆ ನಾಚಿಕೆಯಾಯಿತು. ಮರುದಿನ ಕೈಕಟ್ಟಿ ಕೂತು ಯಂತ್ರದ ಕೆಲಸವನ್ನು ನೋಡಿದ. ಎಲ್ಲಿಯೂ ಒಂದು ಕ್ಷಣ ತಡವಿಲ್ಲ, ಒಂದು ಕ್ಷಣ ಅವಸರವಿಲ್ಲ. ಮಾತು ಶುರುವಾಗುವ ಕಡೆ ಹಾಡು ಎಷ್ಟು ಮೆತ್ತಗೆ ಇಳಿಯಿತೆಂದರೆ ಅವನು ತನಗರಿವಿಲ್ಲದೆ ತಲೆದೂಗಿದ. ಹಟಮಾರಿಯೇ ಹೌದು, ಆದರೆ ಕಂಡದ್ದನ್ನು ಇಲ್ಲವೆನ್ನುವವನಲ್ಲ. ಅಂದೇ ಇಪ್ಪತ್ತಮೂರು ಫೇಡರುಗಳನ್ನು ಯಂತ್ರಕ್ಕೆ ಒಪ್ಪಿಸಿದ. ಒಂದನ್ನು ಮಾತ್ರ ಇಟ್ಟುಕೊಂಡ.

ಅದು ಕೊನೆಯದು, ಹೊರಗಿನಿಂದ ಬಂದವರು ಮಾತಾಡುವ ಮೈಕಿನದು. ಅದರ ಪಕ್ಕದ ಗುಂಡಿ ಒತ್ತಿದರೆ ಯಂತ್ರದ ಆಜ್ಞೆ ಅದಕ್ಕೆ ತಾಗುತ್ತಿರಲಿಲ್ಲ. ದಿನವೂ ಬಂದ ಕೂಡಲೇ ಅವನು ಆ ಗುಂಡಿ ಒತ್ತಿಯೇ ಕೂರುತ್ತಿದ್ದ. ಕೇಂದ್ರದ ಮುಖ್ಯಸ್ಥರಿಗೆ ಇದು ಸರಿಬರಲಿಲ್ಲ.

"ಎಲ್ಲ ಕೊಟ್ಟಾಯ್ತಲ್ಲ, ಇದೊಂದನ್ನು ಯಾಕೆ ಹಿಡ್ಕೊಂಡು ಕೂತದ್ದು ಮಾರಾಯ್ರೆ?"

"ವಾರ್ತೆ ಓದುವವರಿಗೆ ಎಷ್ಟು ಹೊತ್ತು ಮಾತಾಡ್ಬೇಕು ಅಂತ ಗೊತ್ತುಂಟು ಸರ್. ಹೊರಗಿನವರಿಗೆ ಗೊತ್ತಿಲ್ಲ. ಅವರದ್ದು ಯಂತ್ರಕ್ಕೂ ಗೊತ್ತಿಲ್ಲ."

ಒಂದು ಸಲ ನಾಲ್ವರು ಮೀನುಗಾರರಿದ್ದ ಬೋಟು ಕಡಲಿನಿಂದ ಮರಳಲಿಲ್ಲ. ಎರಡು ದಿನ ಹುಡುಕಿದರು. ಮೂರನೆಯ ದಿನ ಸಂಜೆಗೆ ಹುಡುಕಾಟ ನಿಲ್ಲಿಸುವುದೆಂದು ತೀರ್ಮಾನವಾಯಿತು. ಆ ಮೂರನೆಯ ದಿನ ಬೆಳಗಿನ ವಾರ್ತೆಗೆ ನಾಲ್ವರಲ್ಲಿ ಒಬ್ಬನ ಹೆಂಡತಿಯನ್ನು ಕೇಂದ್ರಕ್ಕೆ ಕರೆಸಿದರು. ಅವಳ ಮಾತಿಗೆ ನಲವತ್ತು ಸೆಕೆಂಡು ಎಂದು ಪಟ್ಟಿಯಲ್ಲಿ ಬರೆದರು. ಹುಡುಕಾಟ ನಿಲ್ಲಿಸಬೇಡಿ ಎಂಬ ನಾಲ್ಕು ಸಾಲನ್ನು ಅವಳ ಮೈದುನ ಚೀಟಿಯಲ್ಲಿ ಬರೆದುಕೊಟ್ಟಿದ್ದ.

ನೀಲಿ ಬಣ್ಣದ ಬೋಟಿನ ಸುಳಿವು ಇನ್ನೂ ಸಿಕ್ಕಿಲ್ಲ ಎಂದು ವಾರ್ತೆ ಓದುವವಳು ಓದಿ ಮುಗಿಸಿದಳು. ಆಮೇಲೆ ಆ ಹೆಂಗಸಿನ ಸರದಿ. ತಂತ್ರಜ್ಞ ಕೊನೆಯ ಫೇಡರನ್ನು ಏರಿಸಿದ. ಅವಳು ಚೀಟಿ ನೋಡಲಿಲ್ಲ, ಬಾಯಿ ತೆರೆಯಲಿಲ್ಲ. ಹತ್ತು ಸೆಕೆಂಡು ಹೋಯಿತು. ಇಪ್ಪತ್ತು ಹೋಯಿತು. ರೇಡಿಯೋದಲ್ಲಿ ಐದು ಸೆಕೆಂಡು ಮೌನವೆಂದರೆ ಕೇಂದ್ರವೇ ಸತ್ತಂತೆ, ನಿನಗೂ ಗೊತ್ತು. ಮೂವತ್ತೈದು ಆಗುವಷ್ಟರಲ್ಲಿ ಮುಖ್ಯಸ್ಥರು ಓಡಿಬಂದು ಬಾಗಿಲಲ್ಲಿ ನಿಂತಿದ್ದರು.

"ಅವರ ಕೈಲಿ ಆಗುದಿಲ್ಲ. ಇಳಿಸಿ."

"ಸ್ವಲ್ಪ ತಡೀರಿ ಸರ್. ಉಸಿರು ಎಳ್ಕೊಂಡ್ರು. ಈಗ ಮಾತಾಡ್ತಾರೆ."

ನಲವತ್ತಾಯಿತು. ಯಂತ್ರ ತನ್ನ ಪಟ್ಟಿಯಂತೆ ಜಾಹೀರಾತಿನ ಫೇಡರನ್ನು ಏರಿಸತೊಡಗಿತು. ತಂತ್ರಜ್ಞ ಎಡಗೈ ಬೆರಳಿನಿಂದ ಅದನ್ನು ತಡೆದ. ಯಂತ್ರ ಜಗಳಕ್ಕೆ ಬರಲಿಲ್ಲ. ಮನುಷ್ಯನ ಬೆರಳು ತಾಗಿದರೆ ಬಿಟ್ಟುಕೊಡಬೇಕೆಂದು ಅದನ್ನು ಮಾಡಿದವರು ಅದಕ್ಕೆ ಕಲಿಸಿದ್ದರು. ಆ ಬುದ್ಧಿ ನಮ್ಮಲ್ಲಿ ಎಷ್ಟು ಜನರಿಗಿದೆಯೋ ನಾನರಿಯೆ.

ಆಗ ಅವಳು ಮಾತಾಡಿದಳು. "ಬೋಟು ನೀಲಿ ಅಲ್ಲ. ಈ ವರ್ಷ ಹಳದಿ ಬಣ್ಣ ಕೊಟ್ಟದ್ದು. ನಾನೇ ನಿಂತು ಕೊಡಿಸಿದ್ದು. ನೀವೆಲ್ಲ ನೀಲಿ ಬೋಟು ಹುಡುಕಿದ್ದಾ ಇಷ್ಟು ದಿನ? ಹಳದಿ ಬೋಟು ಹುಡುಕಿ. ದಮ್ಮಯ್ಯ, ಹಳದಿ ಬೋಟು ಹುಡುಕಿ."

ಮಳೆಗಾಲ ಮುಗಿದು ಬೋಟು ಕಡಲಿಗೆ ಇಳಿಯುವ ಮೊದಲು ಬಣ್ಣ ಬಳಿಯುವುದು ಆ ಊರಿನ ರೂಢಿ. ಆ ವರ್ಷ ಬಣ್ಣ ಬದಲಾಗಿತ್ತು, ಬೋಟಿನ ನೋಂದಣಿ ಕಾಗದ ಬದಲಾಗಿರಲಿಲ್ಲ. ಹುಡುಕುವವರು ಕಾಗದ ನೋಡಿ ಹುಡುಕುತ್ತಿದ್ದರು. ಬೋಟಿನ ಬಣ್ಣ ಯಾವುದೆಂದು ಮನೆಯ ಹೆಂಗಸರನ್ನು ಯಾರೂ ಕೇಳಿರಲಿಲ್ಲ.

ಅವಳ ಮಾತು ಮುಗಿದ ಮೇಲೆ ತಂತ್ರಜ್ಞ ಬೆರಳು ತೆಗೆದ. ಯಂತ್ರ ಏನೂ ಆಗದಂತೆ ಜಾಹೀರಾತು ಹಾಕಿತು. ಕಳೆದ ಹೊತ್ತನ್ನು ಮುಂದಿನ ಹಾಡಿನಲ್ಲಿ ಸರಿತೂಗಿಸಿಕೊಂಡು, ಎಂಟು ಗಂಟೆಯ ಕಾರ್ಯಕ್ರಮವನ್ನು ಸರಿಯಾಗಿ ಎಂಟಕ್ಕೇ ಶುರುಮಾಡಿತು.

ಅಷ್ಟರಲ್ಲಿ ಬಂದರಿನ ಹೋಟೆಲಿನಲ್ಲಿ ತಿಂಡಿ ತಿನ್ನುತ್ತ ರೇಡಿಯೋ ಕೇಳುತ್ತಿದ್ದ ಇನ್ನೊಂದು ಬೋಟಿನ ಯಜಮಾನ ಕೈ ತೊಳೆಯದೆ ಎದ್ದಿದ್ದ. ಹಿಂದಿನ ದಿನ ಹಳದಿ ಬೋಟೊಂದು ದೂರದಲ್ಲಿ ನಿಂತಿದ್ದುದನ್ನು ಅವನು ಕಂಡಿದ್ದ. ಬಲೆ ಬಿಟ್ಟು ಕಾಯುತ್ತಿರಬೇಕೆಂದು ದಾಟಿ ಬಂದಿದ್ದ. ಈಗ ಬೋಟು ತಿರುಗಿಸಿಕೊಂಡು ಹೋದ. ಇಂಜಿನ್ ಕೆಟ್ಟು ತೇಲುತ್ತಿದ್ದ ಆ ಬೋಟಿನಿಂದ ನಾಲ್ವರೂ ಅಂದೇ ಸಂಜೆ ಜೀವಸಹಿತ ದಡ ಸೇರಿದರು.

ಗುರುಗಳು ಕತೆ ನಿಲ್ಲಿಸಿದರು. ಆ ತಂತ್ರಜ್ಞನ ಮೇಲೆ ತಮಗಿದ್ದ ಅಭಿಮಾನವನ್ನು ಅವರು ಮುಚ್ಚಿಡಲಿಲ್ಲ.

ಶಿಷ್ಯನ ಮುಖ ಅರಳಿತು. "ಹಾಗಾದರೆ ಕೊನೆಗೆ ಗೆದ್ದದ್ದು ಕೈಯೇ ಗುರುಗಳೇ! ಅವನು ಉಳಿದ ಇಪ್ಪತ್ತಮೂರನ್ನೂ ಯಂತ್ರಕ್ಕೆ ಬಿಟ್ಟುಕೊಡಬಾರದಿತ್ತು, ಅಲ್ಲವೇ?"

ಗುರುಗಳು ಅವನನ್ನೇ ನೋಡಿದರು.

"ಆ ಇಪ್ಪತ್ತಮೂರೂ ಅವನ ಕೈಯಲ್ಲೇ ಇದ್ದಿದ್ದರೆ, ಆ ಹೆಂಗಸು ಉಸಿರೆಳೆದದ್ದು ಅವನಿಗೆ ಕೇಳಿಸುತ್ತಿತ್ತೇ?"

ಶಿಷ್ಯ ಕರೆಯ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡ.